ಸಿಗ್ಮಾಗೆ 10 ಕೊಟ್ಟರೆ 18 ಯಾಕೆ ಬರುತ್ತೆ? ಲಾಜಿಸ್ಟಿಕ್ ವಿತರಣೆ ಮತ್ತು ನಿಮ್ಮ ಸಾಫ್ಟ್‌ವೇರ್

ಪ್ರಶ್ನೆ: ಒಂದು ಅಳತೆ ಉಪಕರಣವನ್ನು ಪರೀಕ್ಷಿಸಲು ಒಂದೇ ವಸ್ತುವನ್ನು 600 ಸಲ ಅಳೆದ ಅಂಕಿಗಳು ನನ್ನ ಬಳಿ ಇವೆ. ಸರಾಸರಿ 50, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ) 10. ಚಿತ್ರ ಬಿಡಿಸಿದರೆ ಗಂಟೆಯ ಆಕಾರವೇ ಕಾಣುತ್ತೆ. ಆದರೆ ಆರು ಅಳತೆಗಳು ಮೂರು ಸ್ಟ್ಯಾಂಡರ್ಡ್ ಡೀವಿಯೇಷನ್ ಆಚೆ ಬಿದ್ದಿವೆ, ಒಂದಂತೂ 10ರಲ್ಲಿದೆ. ಹಾಗಾಗಿ ಗಂಟೆಯಾಕಾರದ ಮಾಮೂಲಿ ನಾರ್ಮಲ್ ವಿತರಣೆ ಬಿಟ್ಟು, ಅದರಂತೆಯೇ ಕಾಣುವ ಆದರೆ ಅಂಚುಗಳಲ್ಲಿ ದಪ್ಪಗಿರುವ ಲಾಜಿಸ್ಟಿಕ್ ವಿತರಣೆ ಆರಿಸಿಕೊಂಡೆ. ಲೆಕ್ಕದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್‌ನಲ್ಲಿ ಮೊದಲ ಸಂಖ್ಯೆ ಮ್ಯೂಗೆ 50, ಎರಡನೇ ಸಂಖ್ಯೆ ಸಿಗ್ಮಾಗೆ 10 ಕೊಟ್ಟು ರ್‍ಯಾಂಡಮ್ ಸಂಖ್ಯೆ ತೆಗೆದರೆ ಅವುಗಳ ಸ್ಟ್ಯಾಂಡರ್ಡ್ ಡೀವಿಯೇಷನ್ 18 ಬರುತ್ತಿದೆ. ಆರ್ ಅನ್ನುವ ಸಾಫ್ಟ್‌ವೇರ್‌ನಲ್ಲೂ ಅಷ್ಟೇ. ಸಹೋದ್ಯೋಗಿ ಅದೇ ಎರಡು ಸಂಖ್ಯೆಗಳನ್ನು ಜ್ಯಾಗ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ಗೆ ಕೊಟ್ಟರೆ ಎಲ್ಲವೂ 50ಕ್ಕೆ ಅಂಟಿಕೊಂಡು ಕೂತವು, 54 ದಾಟುವ ಸಂಭವನೀಯತೆ ಸೊನ್ನೆ ಅಂತ ಬಂತು. ನಾನೇ ಸೂತ್ರ ಬರೆದು ಅಂಕಿಗಳಿಗೆ ಹೊಂದಿಸಲು ಹೋದರೆ ನಡುವೆ 'ನ್ಯಾನ್' (ಸಂಖ್ಯೆಯೇ ಅಲ್ಲ) ಅಂತ ನಿಂತುಬಿಡುತ್ತೆ. ಒಬ್ಬರು 'ಸುಮ್ನೆ ನಾರ್ಮಲ್ ಹಾಕಿ, ಎರಡೂ ಒಂದೇ' ಅಂತಾರೆ. ಇನ್ನೊಬ್ಬರು 'ಲಾಜಿಸ್ಟಿಕ್ ರಿಗ್ರೆಷನ್ ಮಾಡಬೇಕಿತ್ತು' ಅಂತಾರೆ. ಸಾಫ್ಟ್‌ವೇರ್‌ನಲ್ಲೇ ದೋಷ ಇದೆಯಾ?

ಉತ್ತರ: ನೀವು ಹೆಸರಿಸಿದ ಮೂರು ಸಾಫ್ಟ್‌ವೇರ್‌ಗಳಲ್ಲೂ ದೋಷ ಇಲ್ಲ. ಆದರೆ ನೀವು ಕೇಳಿದ್ದೇ ಒಂದು ಪ್ರಶ್ನೆ, ಅವಕ್ಕೆ ಕೇಳಿಸಿದ್ದೇ ಇನ್ನೊಂದು. ನಿಮ್ಮ 10, ನಿಮ್ಮ 18, ಸಹೋದ್ಯೋಗಿಯ ಸೊನ್ನೆ, ಈ ಮೂರರ ಹಿಂದೆಯೂ ಎರಡನೇ ಸಂಖ್ಯೆಯ ಅರ್ಥ ಏನು ಅನ್ನುವ ಒಂದೇ ಗೊಂದಲ ಇದೆ. ನ್ಯಾನ್ ಮಾತ್ರ ಬೇರೆ ಕಾಯಿಲೆ, ಅದಕ್ಕೆ ಆಮೇಲೆ ಬರುತ್ತೇನೆ.

ಲಾಜಿಸ್ಟಿಕ್ ವಿತರಣೆಗೆ ಬೇಕಾಗಿರುವುದು ಎರಡೇ ಸಂಖ್ಯೆ. ಮೊದಲನೆಯದು ಲೊಕೇಷನ್, ಅಂದರೆ ಗಂಟೆಯ ನಡುಬಿಂದು. ಇದರಲ್ಲಿ ಗೊಂದಲವಿಲ್ಲ, ಸರಾಸರಿಯೂ ಅದೇ, ಮಧ್ಯಾಂಕವೂ ಅದೇ. ಎರಡನೆಯದು ಸ್ಕೇಲ್. ಯಾವುದೇ ಅಳತೆಯಿಂದ ಲೊಕೇಷನ್ ಕಳೆದು ಸ್ಕೇಲ್‌ನಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಝಡ್ ಅನ್ನೋಣ. ಇ ಸಂಖ್ಯೆಯನ್ನು (ಸುಮಾರು 2.718) ಮೈನಸ್ ಝಡ್ ಘಾತಕ್ಕೆ ಏರಿಸಿ, ಅದಕ್ಕೆ 1 ಕೂಡಿಸಿ, 1ನ್ನು ಆ ಮೊತ್ತದಿಂದ ಭಾಗಿಸಿ. ಆ ಅಳತೆಗಿಂತ ಕೆಳಗೆ ಬೀಳುವ ಸಂಭವನೀಯತೆ ಇದೇ. ಇಡೀ ವಿತರಣೆ ಇಷ್ಟೇ. ಈ ಸೂತ್ರದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಎಲ್ಲೂ ನೇರವಾಗಿ ಕಾಣಿಸಿಕೊಳ್ಳುವುದಿಲ್ಲ. ಅದನ್ನು ಬೇಕೆಂದು ಲೆಕ್ಕ ಹಾಕಿದರೆ ಸ್ಕೇಲ್ × ಪೈ ÷ √3 ಅಂತ ಬರುತ್ತೆ. ಪೈ ÷ √3 ಅಂದರೆ 1.8138. ನೀವು ಸ್ಕೇಲ್ ಜಾಗದಲ್ಲಿ 10 ಕೊಟ್ಟಿರಿ, 18.14 ಸ್ಟ್ಯಾಂಡರ್ಡ್ ಡೀವಿಯೇಷನ್ ಬಂತು. ನಿಮಗೆ ನಿಜಕ್ಕೂ 10 ಬೇಕಿದ್ದರೆ ಸ್ಕೇಲ್ ಜಾಗದಲ್ಲಿ 10 ÷ 1.8138, ಅಂದರೆ 5.513 ಕೊಡಬೇಕು.

ನಿಮ್ಮನ್ನು ದಾರಿ ತಪ್ಪಿಸಿದ್ದು 'ಸಿಗ್ಮಾ' ಅನ್ನುವ ಹೆಸರು ಅಂತ ನನಗೆ ಖಾತ್ರಿ. ನಾರ್ಮಲ್ ವಿತರಣೆ ಕಲಿತವರಿಗೆಲ್ಲ ಸಿಗ್ಮಾ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ನೇ. ಮ್ಯಾಟ್‌ಲ್ಯಾಬ್ ಲಾಜಿಸ್ಟಿಕ್‌ನ ಸ್ಕೇಲ್‌ಗೂ ಅದೇ ಹೆಸರಿಟ್ಟಿದೆ. ಸ್ಟ್ಯಾನ್ ಅನ್ನುವ ಸಾಫ್ಟ್‌ವೇರ್ ಕೂಡ ಹಾಗೇ ಮಾಡುತ್ತೆ. ಆರ್ ಮತ್ತು ಪೈಥಾನ್‌ನ ಸೈಪೈ ನೇರವಾಗಿ ಸ್ಕೇಲ್ ಅಂತಲೇ ಕರೆಯುತ್ತವೆ. ಮ್ಯಾಥಮ್ಯಾಟಿಕಾದಲ್ಲಿ ಅದು ಬೀಟಾ, ಮೇಪಲ್‌ನಲ್ಲಿ ಸುಮ್ನೆ ಬಿ. ಹೆಸರು ಏನೇ ಇರಲಿ, ಇವೆಲ್ಲದರಲ್ಲೂ ಅರ್ಥ ಒಂದೇ. ಜ್ಯಾಗ್ಸ್ ಮತ್ತು ಅದರ ಹಿರಿಯಣ್ಣ ಬಗ್ಸ್ ಮಾತ್ರ ಬೇರೆ ದಾರಿ ಹಿಡಿದಿವೆ. ಅಲ್ಲಿ ಎರಡನೇ ಸಂಖ್ಯೆ ಟೌ, ಅದು ಸ್ಕೇಲ್‌ನ ತಲೆಕೆಳಗು, ಅಂದರೆ 1 ÷ ಸ್ಕೇಲ್. ಸಹೋದ್ಯೋಗಿ 10 ಕೊಟ್ಟಾಗ ಸ್ಕೇಲ್ 0.1 ಆಯಿತು, ಸ್ಟ್ಯಾಂಡರ್ಡ್ ಡೀವಿಯೇಷನ್ 0.18. ನಿಮ್ಮದಕ್ಕೂ ಅವರದಕ್ಕೂ ಸರಿಯಾಗಿ ನೂರು ಪಟ್ಟು ವ್ಯತ್ಯಾಸ. ಅಂಕಿಗಳು 50ಕ್ಕೆ ಅಂಟಿ ಕೂತಿದ್ದು ಅದಕ್ಕೇ. ಅವರು ಕೊಡಬೇಕಿದ್ದದ್ದು 0.1814.

ಕೈಪಿಡಿ ಓದಿ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಕೈಪಿಡಿಯಲ್ಲೂ ಬರೀ 'ಸಿಗ್ಮಾ, ಧನ ಸಂಖ್ಯೆ' ಅಂತ ಇದ್ದುಬಿಡಬಹುದು. ಅದಕ್ಕಾಗಿ ನಾನು ಯಾವುದೇ ಹೊಸ ಸಾಫ್ಟ್‌ವೇರ್ ಮುಟ್ಟಿದರೂ ಮೊದಲು ಮಾಡುವ ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಮೊದಲ ಸಂಖ್ಯೆಗೆ 0, ಎರಡನೆಯದಕ್ಕೆ 2 ಕೊಡಿ. 1ಕ್ಕಿಂತ ಕೆಳಗೆ ಬೀಳುವ ಸಂಭವನೀಯತೆ ಕೇಳಿ. 0.6225 ಬಂದರೆ ಎರಡನೇ ಸಂಖ್ಯೆ ಸ್ಕೇಲ್. 0.8808 ಬಂದರೆ ಅದು ಸ್ಕೇಲ್‌ನ ತಲೆಕೆಳಗು. 0.7124 ಬಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ನನ್ನೇ ಕೇಳುತ್ತಿದೆ ಅಂತ. ಮೂರನೆಯದು ಅಪರೂಪ, ಆದರೆ ಕೆಲವು ಪಠ್ಯಗಳು ಸೂತ್ರವನ್ನು ಹಾಗೆ ಬರೆಯುತ್ತವೆ, ಅದನ್ನು ನೋಡಿ ಯಾರಾದರೂ ಕೋಡ್ ಬರೆದಿದ್ದರೆ ಹಾಗೆ ಬರಬಹುದು. ನಿಮ್ಮ ವರದಿಯಲ್ಲೂ 'ಲಾಜಿಸ್ಟಿಕ್, 50, 5.513' ಅಂತ ಬರೆದು ಬಿಡಬೇಡಿ. 'ಸ್ಕೇಲ್ 5.513, ಸ್ಟ್ಯಾಂಡರ್ಡ್ ಡೀವಿಯೇಷನ್ 10' ಅಂತ ಎರಡನ್ನೂ ಬರೆಯಿರಿ.

'ಮೊದಲೇ ಸ್ಟ್ಯಾಂಡರ್ಡ್ ಡೀವಿಯೇಷನ್ ಕೇಳಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ ಅಲ್ವಾ' ಅಂತ ನಿಮಗೆ ಅನಿಸಬಹುದು. ಸ್ಕೇಲ್ ಇಟ್ಟಿದ್ದಕ್ಕೆ ಕಾರಣ ಇದೆ. ಈ ವಕ್ರರೇಖೆ ಹುಟ್ಟಿದ್ದು ಅಳತೆಯ ದೋಷ ಅಧ್ಯಯನ ಮಾಡುವವರ ಕೈಯಲ್ಲಲ್ಲ. ಬೆಲ್ಜಿಯಂನ ಗಣಿತಜ್ಞ ಪಿಯರ್ ಫ್ರಾಂಸ್ವಾ ವೆರ್‌ಹುಲ್ಸ್ಟ್ 1838ರಲ್ಲಿ ಜನಸಂಖ್ಯೆ ಬೆಳೆದು ಬೆಳೆದು ಒಂದು ಮಿತಿಗೆ ಬಂದು ನಿಲ್ಲುವುದನ್ನು ವಿವರಿಸಲು ಇದನ್ನು ಬಳಸಿದರು, 1845ರಲ್ಲಿ ಲಾಜಿಸ್ಟಿಕ್ ಅಂತ ಹೆಸರಿಟ್ಟರು. ಅಲ್ಲಿ ಮುಖ್ಯವಾದದ್ದು ಬೆಳವಣಿಗೆಯ ದರ, ಸ್ಕೇಲ್ ಅಂದರೆ ಆ ದರದ ತಲೆಕೆಳಗು. ಇನ್ನೊಂದು ಕಾರಣ, ಸ್ಕೇಲ್ ಇಟ್ಟುಕೊಂಡರೆ ಸೂತ್ರವನ್ನು ಹಿಂದಕ್ಕೆ ತಿರುಗಿಸುವುದು ತುಂಬಾ ಸಲೀಸು. ಸಂಭವನೀಯತೆಯನ್ನು 1ರಿಂದ ಅದನ್ನು ಕಳೆದು ಉಳಿದದ್ದರಿಂದ ಭಾಗಿಸಿ, ಇ ಆಧಾರದ ಲಾಗ್ ತೆಗೆದು, ಸ್ಕೇಲ್‌ನಿಂದ ಗುಣಿಸಿ, ಲೊಕೇಷನ್ ಕೂಡಿಸಿದರೆ ಅಳತೆ ಸಿಗುತ್ತೆ. ನಾರ್ಮಲ್ ವಿತರಣೆಗೆ ಇಂಥ ಸರಳ ಸೂತ್ರವೇ ಇಲ್ಲ. ಚೆಸ್ ರೇಟಿಂಗ್‌ನಲ್ಲೂ ಇದೇ ವಕ್ರರೇಖೆ ಇದೆ. ಅಲ್ಲಿ ಇ ಬದಲು 10ರ ಘಾತ, ಭಾಜಕ 400. ನಮ್ಮ ಭಾಷೆಗೆ ತಂದರೆ ಸ್ಕೇಲ್ 400 ÷ 2.3026, ಅಂದರೆ 173.7. ಇನ್ನೂರು ಅಂಕ ಮುಂದಿರುವ ಆಟಗಾರನಿಗೆ ಸಿಗಬಹುದಾದ ಪಾಲು 0.76 ಅಂತ ಬರುವುದು ಇದರಿಂದಲೇ.

ತಪ್ಪು ಸ್ಕೇಲ್ ಹಾಕಿದರೆ ಎಷ್ಟು ನಷ್ಟ? ನಿಮ್ಮ ಅಂಕಿಗಳಲ್ಲೇ ನೋಡೋಣ. ಅಳತೆ 80 ದಾಟುವ ಸಂಭವನೀಯತೆ ಸರಿಯಾದ ಸ್ಕೇಲ್‌ಗೆ 0.0043. ಸ್ಕೇಲ್ 10 ಅಂತ ಹಾಕಿದರೆ 0.0474. ಹನ್ನೊಂದು ಪಟ್ಟು. ಈ ಸಂಖ್ಯೆಯ ಮೇಲೆ ಉಪಕರಣ ಇಟ್ಟುಕೊಳ್ಳಬೇಕೋ ಬಿಡಬೇಕೋ ಅಂತ ತೀರ್ಮಾನ ಆಗುವುದಾದರೆ ಇದು ಸಣ್ಣ ವಿಷಯ ಅಲ್ಲ. ಚಿತ್ರದಲ್ಲಿ ಎರಡೂ ಚೆಂದದ ಗಂಟೆಗಳೇ. ಅದಕ್ಕೇ ಈ ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ಉಳಿದುಬಿಡುತ್ತೆ.

ಈಗ ಸಹೋದ್ಯೋಗಿಯ ಸೊನ್ನೆ. ಅವರ ಸ್ಕೇಲ್ 0.1 ಆಗಿದ್ದರಿಂದ 54 ಅನ್ನುವುದು ನಡುವಿನಿಂದ ನಲವತ್ತು ಸ್ಕೇಲ್ ದೂರ. ಅದನ್ನು ದಾಟುವ ನಿಜವಾದ ಸಂಭವನೀಯತೆ 4.2ನ್ನು 10ರ 18ನೇ ಘಾತದಿಂದ ಭಾಗಿಸಿದಷ್ಟು. ತೀರಾ ಚಿಕ್ಕದು, ಆದರೆ ಸೊನ್ನೆ ಅಲ್ಲ. ಕಂಪ್ಯೂಟರ್ ಮೊದಲು 'ಕೆಳಗೆ ಬೀಳುವ' ಸಂಭವನೀಯತೆ ಲೆಕ್ಕ ಹಾಕುತ್ತೆ. ಅದು 1ಕ್ಕೆ ಎಷ್ಟು ಹತ್ತಿರ ಅಂದರೆ, ಹದಿನಾರು ಅಂಕೆ ಮಾತ್ರ ಹಿಡಿದಿಡುವ ಸಾಮಾನ್ಯ ಡಬಲ್ ಸಂಖ್ಯೆಯಲ್ಲಿ ಅದು 1 ಅಂತಲೇ ಕೂರುತ್ತೆ. ಆಮೇಲೆ 1ರಿಂದ ಕಳೆದರೆ ಉಳಿಯುವುದು ಸೊನ್ನೆ. ಝಡ್ ಸುಮಾರು 37 ದಾಟಿದ ಮೇಲೆ ಡಬಲ್ ಸಂಖ್ಯೆ ಬಳಸುವ ಯಾವ ಸಾಫ್ಟ್‌ವೇರ್‌ನಲ್ಲಿ 1ರಿಂದ ಕಳೆದರೂ ಇದೇ ಕಥೆ.

ಪರಿಹಾರ ಸುಲಭ, ಕಳೆಯಲೇಬೇಡಿ. ಆರ್‌ನಲ್ಲಿ ಸಂಭವನೀಯತೆ ಕೊಡುವ ಪಿಲಾಜಿಸ್‌ಗೆ ಲೋಯರ್ ಟೇಲ್ ಆಯ್ಕೆಯನ್ನು ಫಾಲ್ಸ್ ಅಂತ ಕೊಡಿ, ಸೈಪೈಯಲ್ಲಿ ಕೆಳಗೆ ಬೀಳುವ ಸಂಭವನೀಯತೆಯ ಸಿಡಿಎಫ್ ಬದಲು ದಾಟುವ ಸಂಭವನೀಯತೆಯ ಎಸ್‌ಎಫ್ ಕೇಳಿ. ಎರಡೂ ಇಲ್ಲದ ಕಡೆ ಗಂಟೆ ಎರಡೂ ಬದಿಗೆ ಸಮ ಅನ್ನುವುದನ್ನು ಬಳಸಿಕೊಳ್ಳಿ. 54 ದಾಟುವುದು, 46ರ ಕೆಳಗೆ ಬೀಳುವುದು, ಎರಡರ ಸಂಭವನೀಯತೆಯೂ ಒಂದೇ. ಕೆಳಬಾಲದ (ಗಂಟೆಯ ಎಡ ಅಂಚಿನ) ಲೆಕ್ಕದಲ್ಲಿ ಕಳೆಯುವ ಕೆಲಸ ಇಲ್ಲದ್ದರಿಂದ ಅಂಕೆಗಳು ಕಳೆದುಹೋಗುವುದಿಲ್ಲ.

ನ್ಯಾನ್ ಬಂದ ಕಥೆ ಇನ್ನೂ ಸ್ವಾರಸ್ಯಕರ. ದಟ್ಟಣೆಯ ಸೂತ್ರವನ್ನು, ಅಂದರೆ ಪ್ರತಿ ಬೆಲೆಯಲ್ಲಿ ಗಂಟೆಯ ಎತ್ತರ ಕೊಡುವ ಸೂತ್ರವನ್ನು, ನೀವು ಪುಸ್ತಕದಲ್ಲಿದ್ದ ಹಾಗೇ ಬರೆದಿರುತ್ತೀರಿ. ಮೇಲೆ ಇ ಘಾತ ಮೈನಸ್ ಝಡ್, ಕೆಳಗೆ 1 ಕೂಡಿಸು ಅದೇ ಸಂಖ್ಯೆ, ಅದರ ವರ್ಗ, ಅದನ್ನು ಸ್ಕೇಲ್‌ನಿಂದ ಗುಣಿಸಿದ್ದು. ಕಾಗದದ ಮೇಲೆ ಒಂದು ತಪ್ಪೂ ಇಲ್ಲ. ಆದರೆ ಹೊಂದಿಸುವ ಪ್ರೋಗ್ರಾಂ ಒಳ್ಳೆಯ ಸ್ಕೇಲ್ ಹುಡುಕುತ್ತಾ ಚಿತ್ರವಿಚಿತ್ರ ಬೆಲೆಗಳನ್ನೆಲ್ಲ ಪ್ರಯತ್ನಿಸುತ್ತೆ. ಒಮ್ಮೆ 0.1 ಪ್ರಯತ್ನಿಸಿತು ಅನ್ನಿ. ನಿಮ್ಮ 10ರ ಅಳತೆಗೆ ಝಡ್ ಮೈನಸ್ 400 ಆಗುತ್ತೆ. ಇ ಘಾತ 400 ಡಬಲ್ ಸಂಖ್ಯೆಯಲ್ಲಿ ಹಿಡಿಯುತ್ತೆ, ಅದರ ವರ್ಗ ಹಿಡಿಯುವುದಿಲ್ಲ. ಕೆಳಗೆ ಅನಂತ ಬಂತು, ಉತ್ತರ ಸೊನ್ನೆ, ಅದರ ಲಾಗ್ ಮೈನಸ್ ಅನಂತ. ನಿಜವಾದ ಲಾಗ್ ದಟ್ಟಣೆ ಮೈನಸ್ 397.7, ತೀರಾ ಸಾಮಾನ್ಯ ಸಂಖ್ಯೆ. ಮುಂದೆ 0.05 ಪ್ರಯತ್ನಿಸಿದರೆ ಝಡ್ ಮೈನಸ್ 800. ಘಾತ ಸುಮಾರು 709.8 ದಾಟಿದರೆ ಇ ಘಾತವೇ ಡಬಲ್‌ನಲ್ಲಿ ಹಿಡಿಯದು. ಈಗ ಮೇಲೂ ಅನಂತ, ಕೆಳಗೂ ಅನಂತ. ಅನಂತವನ್ನು ಅನಂತದಿಂದ ಭಾಗಿಸಿದ್ದಕ್ಕೆ ಕಂಪ್ಯೂಟರ್ ಕೊಡುವ ಉತ್ತರವೇ ನ್ಯಾನ್. ದೂರ ನಿಂತ ಒಂದೇ ಒಂದು ಅಳತೆ ಇಡೀ ಲೆಕ್ಕವನ್ನು ನಿಲ್ಲಿಸಿತು.

ಇದನ್ನು ತಪ್ಪಿಸಲು ನೇರವಾಗಿ ಲಾಗ್ ದಟ್ಟಣೆಯನ್ನೇ ಬರೆಯಿರಿ, ಝಡ್‌ನ ಚಿಹ್ನೆ ಬಿಟ್ಟು ಅದರ ಗಾತ್ರ ಮಾತ್ರ ಬಳಸಿ. ಮೈನಸ್ ಝಡ್‌ನ ಗಾತ್ರ, ಅದರಿಂದ ಸ್ಕೇಲ್‌ನ ಲಾಗ್ ಕಳೆಯಿರಿ, ಅದರಿಂದ 1 ಕೂಡಿಸು ಇ ಘಾತ ಮೈನಸ್ ಗಾತ್ರ ಅನ್ನುವುದರ ಲಾಗ್‌ನ ಎರಡರಷ್ಟನ್ನು ಕಳೆಯಿರಿ. ಗಂಟೆ ಸಮ ಆಗಿರುವುದರಿಂದ ಉತ್ತರ ಬದಲಾಗದು, ಘಾತ ಯಾವಾಗಲೂ ಋಣ ಆಗಿರುವುದರಿಂದ ಉಕ್ಕಿ ಹರಿಯುವ ಪ್ರಶ್ನೆಯೇ ಇಲ್ಲ. ಆ ಕೊನೆಯ ಲಾಗ್‌ಗೆ, 1 ಕೂಡಿಸಿ ಲಾಗ್ ತೆಗೆಯುವ ಲಾಗ್‌ವನ್‌ಪಿ ಫಂಕ್ಷನ್ ಇದ್ದರೆ ಅದನ್ನೇ ಬಳಸಿ. ಇದಕ್ಕಿಂತ ಒಳ್ಳೆಯದು, ಸಾಫ್ಟ್‌ವೇರ್‌ನಲ್ಲಿ ಸಿದ್ಧ ಲಾಗ್ ದಟ್ಟಣೆ ಇದ್ದರೆ ಸ್ವಂತ ಸೂತ್ರ ಬರೆಯುವುದನ್ನೇ ಬಿಡುವುದು. ಆರ್‌ನ ಡಿಲಾಜಿಸ್‌ಗೆ ಲಾಗ್ ಆಯ್ಕೆ ಇದೆ, ಸೈಪೈಯಲ್ಲಿ ಲಾಗ್‌ಪಿಡಿಎಫ್ ಇದೆ. ಇಂಥ ಮೂಲೆಗಳನ್ನೆಲ್ಲ ಅವು ಆಗಲೇ ನೋಡಿಕೊಂಡಿವೆ.

ಇನ್ನು ನಿಮ್ಮ ಸ್ನೇಹಿತರ ಸಲಹೆಗಳು. 'ಎರಡೂ ಒಂದೇ' ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಸ್ಕೇಲ್ ಸರಿಯಾಗಿ ಆರಿಸಿದರೆ ಎರಡರ ಸಂಚಿತ ರೇಖೆಗಳ (ಕೆಳಗೆ ಬೀಳುವ ಸಂಭವನೀಯತೆಯ ರೇಖೆಗಳ) ನಡುವಿನ ಅಂತರ ಎಲ್ಲೂ 0.01 ದಾಟುವುದಿಲ್ಲ. ಅದಕ್ಕೆ ಬಳಸುವ ಗುಣಕ 1.702, ಪರೀಕ್ಷೆಗಳ ಅಂಕ ವಿಶ್ಲೇಷಿಸುವವರಿಗೆ ಇದು ಬಾಯಿಪಾಠ. ಇದನ್ನು ಮೇಲೆ ಹೇಳಿದ 1.8138 ಜೊತೆ ಬೆರೆಸಿಕೊಳ್ಳಬೇಡಿ. ಒಂದು ರೇಖೆಗಳನ್ನು ಹತ್ತಿರ ತರುವ ಸಂಖ್ಯೆ, ಇನ್ನೊಂದು ಸ್ಟ್ಯಾಂಡರ್ಡ್ ಡೀವಿಯೇಷನ್ ಸಮ ಮಾಡುವ ಸಂಖ್ಯೆ. ನಡುಭಾಗದ ಪ್ರಶ್ನೆ ಕೇಳುವವರಿಗೆ ನಾರ್ಮಲ್ ಸಾಕು. ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಒಳಗೆ ನಾರ್ಮಲ್‌ನಲ್ಲಿ ಶೇ 95.4, ಲಾಜಿಸ್ಟಿಕ್‌ನಲ್ಲಿ ಶೇ 94.8.

ಆದರೆ ನಿಮ್ಮ ಚಿಂತೆ ಬಾಲದ್ದು, ಅಂದರೆ ನಡುವಿನಿಂದ ದೂರದ ಅಂಚುಗಳದ್ದು. ಮೂರು ಸ್ಟ್ಯಾಂಡರ್ಡ್ ಡೀವಿಯೇಷನ್ ಆಚೆಗೆ ನಾರ್ಮಲ್ ಪ್ರಕಾರ ಸಾವಿರಕ್ಕೆ 2.7, ಲಾಜಿಸ್ಟಿಕ್ ಪ್ರಕಾರ 8.6. ನಾಲ್ಕು ಆಚೆಗೆ ಇಪ್ಪತ್ತೆರಡು ಪಟ್ಟು ವ್ಯತ್ಯಾಸ, ಐದು ಆಚೆಗೆ ಸುಮಾರು ನಾನೂರು ಪಟ್ಟು. ನಿಮ್ಮ 600 ಅಳತೆಗಳಲ್ಲಿ ಮೂರು ಆಚೆ ನಾರ್ಮಲ್ 1.6 ನಿರೀಕ್ಷಿಸುತ್ತೆ, ಲಾಜಿಸ್ಟಿಕ್ 5.2. ನಿಮಗೆ ಸಿಕ್ಕಿದ್ದು 6. ನಿಮ್ಮ ಆಯ್ಕೆಗೆ ಆಧಾರ ಇದೆ ಅಂತಲೇ ನಾನು ಹೇಳುತ್ತೇನೆ.

'ಲಾಜಿಸ್ಟಿಕ್ ರಿಗ್ರೆಷನ್ ಮಾಡಬೇಕಿತ್ತು' ಅನ್ನುವುದು ನಿಮ್ಮ ಕೆಲಸಕ್ಕೆ ಸಂಬಂಧವಿಲ್ಲದ ಸಲಹೆ. ಅದು ಹೌದು ಇಲ್ಲ ಎಂಬ ಉತ್ತರಗಳಿಗೆ. ಸಂಬಂಧಿಕರೇನೋ ಹೌದು. ಆ ಹೌದು ಇಲ್ಲಗಳ ಹಿಂದೆ ಕಾಣದ ಒಂದು ಅಳತೆ ಇದೆ, ಅದರ ದೋಷ ಸ್ಕೇಲ್ 1ರ ಲಾಜಿಸ್ಟಿಕ್ ಅಂತ ಊಹಿಸಿದರೆ ಆ ಮಾದರಿ ಹುಟ್ಟುತ್ತೆ. ಆದರೆ ನಿಮ್ಮ ಬಳಿ ಅಳತೆಗಳೇ ಕೈಯಲ್ಲಿವೆ. ಇದೇ ಉಸಿರಿನಲ್ಲಿ ಇನ್ನೊಂದು ಮಾತು. ಎಕ್ಸೆಲ್‌ನಲ್ಲಿ ಲಾಜಿಸ್ಟಿಕ್ ವಿತರಣೆಗೆ ಸಿದ್ಧ ಫಂಕ್ಷನ್ ಇಲ್ಲ. ಹುಡುಕಿದಾಗ ಸಿಗುವ ಲಾಗ್‌ನಾರ್ಮ್ ಬೇರೆಯೇ ವಿತರಣೆ, ಹೆಸರಿನ ಮೊದಲ ಮೂರಕ್ಷರ ನೋಡಿ ಅದನ್ನು ಎತ್ತಿಕೊಳ್ಳಬೇಡಿ.

ನಿಮ್ಮ ಮುಂದೆ ಈಗ ಇರುವ ದಾರಿಗಳು ಯಾವುವು? ತೀರಾ ಸರಳವಾದದ್ದು ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದು 1.8138ರಿಂದ ಭಾಗಿಸುವುದು. ಕೈಲೆಕ್ಕ ಸಾಕು, ನ್ಯಾನ್ ಬರುವ ಭಯ ಇಲ್ಲ. ದತ್ತಾಂಶ ನಿಜಕ್ಕೂ ಲಾಜಿಸ್ಟಿಕ್ ಆಗಿದ್ದರೆ, ದೊಡ್ಡ ದತ್ತಾಂಶದಲ್ಲಿ ಸಿಗಬಹುದಾದ ಅತ್ಯುತ್ತಮ ನಿಖರತೆಗೆ ಹೋಲಿಸಿದರೆ ಲೊಕೇಷನ್ ಶೇ 91ರಷ್ಟು, ಸ್ಕೇಲ್ ಶೇ 87ರಷ್ಟು ದಕ್ಷತೆಯಲ್ಲಿ ಸಿಗುತ್ತೆ. ಅಪಾಯ ಒಂದೇ, ಕೆಟ್ಟ ಒಂದು ಅಳತೆ ಎರಡನ್ನೂ ಎಳೆದಾಡುತ್ತೆ. ಅಂಕಿ ತಪ್ಪಾಗಿ ದಾಖಲಾಗಿರುವ ಅನುಮಾನ ಇದ್ದರೆ ಇದು ಬೇಡ.

ನಿಮಗೆ ನಾನು ಸೂಚಿಸುವುದು ಮ್ಯಾಕ್ಸಿಮಮ್ ಲೈಕ್ಲಿಹುಡ್, ಅಂದರೆ ನಿಮ್ಮ ಅಂಕಿಗಳು ಬರುವ ಸಾಧ್ಯತೆಯನ್ನು ಅತಿ ಹೆಚ್ಚು ಮಾಡುವ ಲೊಕೇಷನ್ ಮತ್ತು ಸ್ಕೇಲ್ ಹುಡುಕುವುದು. ಇದಕ್ಕೆ ನೇರ ಸೂತ್ರ ಇಲ್ಲ, ಪ್ರೋಗ್ರಾಂ ಹೆಜ್ಜೆ ಹೆಜ್ಜೆಯಾಗಿ ಹುಡುಕಬೇಕು. ಆದರೆ ಇಲ್ಲಿ ಒಂದು ಒಳ್ಳೆಯ ಗುಣ ಇದೆ. ಲೊಕೇಷನ್ ಹುಡುಕುವಾಗ ಪ್ರತಿ ಅಳತೆಯ ಎಳೆತ ಅದರ ಝಡ್‌ನ ಅರ್ಧದ ಟ್ಯಾನ್‌ಎಚ್‌ನಷ್ಟು. ಟ್ಯಾನ್‌ಎಚ್ ಅನ್ನುವ ಫಂಕ್ಷನ್‌ನ ಗಾತ್ರ ಎಂದೂ 1 ದಾಟುವುದಿಲ್ಲ. ಅಂದರೆ ನಿಮ್ಮ 10ರ ಅಳತೆ 10 ಬದಲು ಮೈನಸ್ 100 ಆಗಿದ್ದರೂ ಲೊಕೇಷನ್ ಮೇಲೆ ಅದರ ಎಳೆತ ಹೆಚ್ಚೂಕಡಿಮೆ ಅಷ್ಟೇ. ಸ್ಕೇಲ್ ಮೇಲೆ ಎಳೆತ ಬೆಳೆಯುತ್ತೆ, ಆದರೂ ವರ್ಗದಷ್ಟು ವೇಗವಾಗಿ ಅಲ್ಲ. ಅಪಾಯ ಇರುವುದು ಆರಂಭದ ಬೆಲೆಗಳಲ್ಲಿ. ಲೊಕೇಷನ್‌ಗೆ ಮಧ್ಯಾಂಕ ಕೊಡಿ. ಸ್ಕೇಲ್‌ಗೆ ಮೇಲಿನ ಕಾಲುಭಾಗದ ಗಡಿಯಿಂದ ಕೆಳಗಿನ ಕಾಲುಭಾಗದ ಗಡಿ ಕಳೆದು 2.197ರಿಂದ ಭಾಗಿಸಿ ಕೊಡಿ. ಸ್ಕೇಲ್ ಬದಲು ಅದರ ಲಾಗ್ ಹುಡುಕಲು ಹೇಳಿ, ಆಗ ಅದು ಋಣ ಆಗುವ ಪ್ರಮೇಯವೇ ಇರದು. ಮ್ಯಾಟ್‌ಲ್ಯಾಬ್‌ನ ಫಿಟ್‌ಡಿಸ್ಟ್, ಸೈಪೈಯ ಫಿಟ್ ಈ ಹುಡುಕಾಟ ತಾವೇ ಮಾಡುತ್ತವೆ. ಬಂದ ಉತ್ತರವನ್ನು 5.5ರ ಆಸುಪಾಸಿನಲ್ಲಿದೆಯಾ ಅಂತ ಒಮ್ಮೆ ನೋಡಿ. 10ರ ಹತ್ತಿರ ಬಂದರೆ ಎಲ್ಲೋ ಎಡವಟ್ಟಾಗಿದೆ.

ಹೊಂದಿಸಿದ ಮೇಲೂ ಬಾಲದಲ್ಲಿ ಅಂಕಿಗಳು ಮಿಕ್ಕರೆ ಟಿ ವಿತರಣೆ ಅನ್ನುವ ಇನ್ನೊಂದು ಗಂಟೆಯಾಕಾರದ ವಿತರಣೆ ನೋಡಿ. ಲಾಜಿಸ್ಟಿಕ್‌ನ ಬಾಲ ನಾರ್ಮಲ್‌ಗಿಂತ ದಪ್ಪ, ಆದರೆ ತೀರಾ ದಪ್ಪ ಅಲ್ಲ. ಬಾಲದ ದಪ್ಪ ಸೂಚಿಸುವ ಸಂಖ್ಯೆಯಾದ ಕರ್ಟೋಸಿಸ್ ಅದಕ್ಕೆ 4.2, ನಾರ್ಮಲ್‌ನದು 3. ಒಂಬತ್ತು ಡಿಗ್ರಿ (ಡಿಗ್ರೀಸ್ ಆಫ್ ಫ್ರೀಡಂ) ಇರುವ ಟಿ ವಿತರಣೆಯದೂ ಸರಿಯಾಗಿ 4.2. ಟಿಯಲ್ಲಿ ಈ ಡಿಗ್ರಿಯನ್ನು ಬದಲಿಸಿ ಬಾಲವನ್ನು ಬೇಕಾದಷ್ಟು ದಪ್ಪ ಮಾಡಬಹುದು. ಆದರೆ ಮೂರನೇ ಸಂಖ್ಯೆಯನ್ನೂ ಹುಡುಕಬೇಕು, 600 ಅಳತೆಗಳಲ್ಲಿ ಅದು ಅಷ್ಟು ಗಟ್ಟಿಯಾಗಿ ಸಿಗದು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು, ಯಾಕೆಂದರೆ ನಿಮ್ಮ ಮುಂದಿನ ಹೆಜ್ಜೆ ಬಹುಶಃ ಅದೇ. ಉಪಕರಣ ಪರೀಕ್ಷಿಸುವವರು ಹಲವು ಅಳತೆಗಳ, ಉದಾಹರಣೆಗೆ ಹತ್ತರ, ಸರಾಸರಿಯನ್ನು ವರದಿ ಮಾಡುವುದುಂಟು. ನಾರ್ಮಲ್ ಆಗಿದ್ದರೆ ಸರಾಸರಿಯೂ ನಾರ್ಮಲ್. ಲಾಜಿಸ್ಟಿಕ್‌ಗೆ ಈ ಗುಣ ಇಲ್ಲ, ಎರಡು ಲಾಜಿಸ್ಟಿಕ್ ಕೂಡಿಸಿದರೆ ಲಾಜಿಸ್ಟಿಕ್ ಬರುವುದಿಲ್ಲ. ಹಾಗಾಗಿ ಸ್ಕೇಲ್ ಅನ್ನು √10ರಿಂದ ಭಾಗಿಸಿ ಮತ್ತೆ ಪಿಲಾಜಿಸ್‌ಗೆ ಕೊಡಬೇಡಿ. ಹತ್ತರ ಸರಾಸರಿಯಲ್ಲಿ ಕರ್ಟೋಸಿಸ್ 3.12ಕ್ಕೆ ಇಳಿದಿರುತ್ತೆ, ಅದು ನಾರ್ಮಲ್‌ಗೆ ಬಹಳ ಹತ್ತಿರ. ಆ ಸರಾಸರಿಗೆ ನಾರ್ಮಲ್ ಬಳಸಿ, ಸ್ಟ್ಯಾಂಡರ್ಡ್ ಡೀವಿಯೇಷನ್ 10 ÷ √10, ಅಂದರೆ 3.16. ಹತ್ತರ ಸರಾಸರಿ ನಾಲ್ಕೈದು ಡೀವಿಯೇಷನ್ ಆಚೆ ಹೋಗುವ ಸಂಭವನೀಯತೆ ಬೇಕಿದ್ದರೆ ಮಾತ್ರ ನಾರ್ಮಲ್ ನಂಬದೆ, ಹೊಂದಿಸಿದ ಲಾಜಿಸ್ಟಿಕ್‌ನಿಂದ ಹತ್ತತ್ತು ರ್‍ಯಾಂಡಮ್ ಸಂಖ್ಯೆ ಎತ್ತಿ, ಅವುಗಳ ಸರಾಸರಿಗಳನ್ನು ನೇರವಾಗಿ ಎಣಿಸಿ ನೋಡಿ. ಆ ಸಂಖ್ಯೆಗಳನ್ನು ಎಕ್ಸೆಲ್‌ನಲ್ಲಿ ನೀವೇ ಮಾಡಿಕೊಳ್ಳುವುದಾದರೆ ರ್‍ಯಾಂಡ್ ಕೊಟ್ಟ ಸಂಖ್ಯೆಯನ್ನು 1ರಿಂದ ಅದನ್ನು ಕಳೆದದ್ದರಿಂದ ಭಾಗಿಸಿ, ಲಾಗ್ ತೆಗೆದು, 5.513ರಿಂದ ಗುಣಿಸಿ 50 ಕೂಡಿಸಿ. ಆ ಲಾಗ್ 10ರ ಆಧಾರದ್ದಲ್ಲ, ಇ ಆಧಾರದ್ದು, ಎಕ್ಸೆಲ್‌ನಲ್ಲಿ ಅದರ ಹೆಸರು ಎಲ್‌ಎನ್. ರ್‍ಯಾಂಡ್‌ನಲ್ಲಿ 0 ಬರಬಹುದು, 1 ಬರುವುದಿಲ್ಲ. 0 ಬಂದರೆ ಲಾಗ್ ತೆಗೆಯಲಾಗದು, ಅದನ್ನು ಬಿಟ್ಟು ಇನ್ನೊಂದು ಎತ್ತಿಕೊಳ್ಳಿ.